ಒಂಬತ್ತು ದಿನ ಹಿಂದೆ ಬಿದ್ದ ಕನ್ನಡಿ

ಆಗಲಪ್ಪನವರಿಗೆ ಆ ಹೆಸರು ಇಟ್ಟವರು ತಂದೆತಾಯಿಯಲ್ಲ, ಕಾಲೇಜಿನವರು. ಯಾರು ಏನು ಕೇಳಿದರೂ "ಆಗ್ಲಪ್ಪ" ಎಂದುಬಿಡುವುದು ಅವರ ನಾಲಿಗೆಗೆ ಅಂಟಿಕೊಂಡ ಗುಣ. ಜವಾನ ಬಂದು "ನಿಮ್ಮ ಕುರ್ಚಿ ಪರೀಕ್ಷೆ ಹಾಲಿಗೆ ಬೇಕಂತೆ" ಎಂದರೆ "ಆಗ್ಲಪ್ಪ" ಎಂದು ಎದ್ದು ನಿಲ್ಲುವರು. ವಾರ ಕಳೆದು "ಕುರ್ಚಿ ಎಲ್ಲಿಗೋ ಹೋಯ್ತಂತೆ, ಸ್ಟೂಲು ಆಗುತ್ತಾ?" ಎಂದರೆ ಅದಕ್ಕೂ "ಆಗ್ಲಪ್ಪ". ಮೇಲಿನವರು ಕೇಳಿದರೆ ಮಾತ್ರ ಒಂದು ಮೆಟ್ಟಿಲು ಏರಿಸಿ "ಆಗ್ಲಿ ಸಾರ್" ಎನ್ನುವರು. ಹಾಜರಿ ಪುಸ್ತಕದಲ್ಲಿ ಅವರಿಗೆ ಬೇರೊಂದು ಹೆಸರಿದೆಯಂತೆ. ಅವರ ಅಕ್ಷರದ ದೆಸೆಯಿಂದ ಅದನ್ನು ಇದುವರೆಗೆ ಯಾರೂ ಓದಿಲ್ಲ.

ಹದಿನೆಂಟು ವರ್ಷ ಲೈಬ್ರರಿಯಲ್ಲಿ ಪುಸ್ತಕಗಳಿಗೆ ಚೀಟಿ ಅಂಟಿಸಿದ್ದ ಆಗಲಪ್ಪನವರನ್ನು ಮೂರು ವರ್ಷದ ಹಿಂದೆ ಪ್ರಿನ್ಸಿಪಾಲರು ವರಾಂಡದಲ್ಲಿ ತಡೆದು ನಿಲ್ಲಿಸಿ, "ನಾಳೆಯಿಂದ ಮಿರರ್ ನೀವೇ ನೋಡ್ಕೊಳ್ರೀ" ಎಂದಿದ್ದರು. ಮಿರರ್ ಎಂದರೇನು ಎಂದು ಕೇಳುವ ಮೊದಲೇ ಬಾಯಿ "ಆಗ್ಲಿ ಸಾರ್" ಎಂದು ಮುಗಿಸಿತ್ತು.

ಅದೇನೆಂದು ಓದುಗರಿಗೆ ಮಾತ್ರ ಇಲ್ಲೇ ಹೇಳಿಬಿಡುವುದು ಕ್ಷೇಮ. ಮಿಕ್ಕವರಿಗೆ ಸಕಾಲದಲ್ಲಿ ಹೇಳದೆ ಬಿಟ್ಟದ್ದರಿಂದಲೇ ಈ ಅನಾಹುತವೆಲ್ಲ ನಡೆದದ್ದು.

ದೂರದ ಒಂದು ಊರಿನಲ್ಲಿ ಕಂಪ್ಯೂಟರ್ ಪ್ರೋಗ್ರಾಮುಗಳ ಒಂದು ದೊಡ್ಡ ಭಂಡಾರವಿತ್ತು. ಯಾರು ಬೇಕಾದರೂ ಬಿಟ್ಟಿಯಾಗಿ ತೆಗೆದುಕೊಳ್ಳಬಹುದು. ಕಣ್ಣಿಲ್ಲದ ಮಕ್ಕಳಿಗೆ ಪುಸ್ತಕ ಓದಿ ಹೇಳುವ ಪ್ರೋಗ್ರಾಮು, ಸಣ್ಣ ಆಸ್ಪತ್ರೆಯಲ್ಲಿ ಯಾವ ಔಷಧಿ ಮುಗಿಯುತ್ತ ಬಂತೆಂದು ಎಚ್ಚರಿಸುವ ಪ್ರೋಗ್ರಾಮು, ಹೀಗೆ ಸಾವಿರಾರು ಜನ ಸಂಬಳವಿಲ್ಲದೆ ಇಪ್ಪತ್ತೆರಡು ವರ್ಷ ಕೂತು ಬರೆದದ್ದು. ಲೋಕದವರೆಲ್ಲ ಒಂದೇ ಬಾಗಿಲಿಗೆ ನುಗ್ಗಿದರೆ ಬಾಗಿಲು ಮುರಿಯುತ್ತದೆ. ಆದ್ದರಿಂದ ಹದಿನಾಲ್ಕು ಊರುಗಳಲ್ಲಿ ಅದರ ಪಡಿಯಚ್ಚು ಇಟ್ಟಿದ್ದರು. ಈ ಪಡಿಯಚ್ಚಿಗೇ ಮಿರರ್, ಎಂದರೆ ಕನ್ನಡಿ, ಎಂದು ಹೆಸರು. ದಿನಾ ಬೆಳಿಗ್ಗೆ ಆರಕ್ಕೆ ಕನ್ನಡಿಯು ಮೂಲವನ್ನು ಕೇಳಬೇಕು: ಹೊಸದೇನು ಬಂತು, ಹಳೆಯದೇನು ಹೋಯಿತು? ಅಲ್ಲಿ ಬಂದದ್ದು ಇಲ್ಲಿಯೂ ಬರಬೇಕು, ಅಲ್ಲಿ ಹೋದದ್ದು ಇಲ್ಲಿಯೂ ಹೋಗಬೇಕು. ಇದಕ್ಕೆ ಮನುಷ್ಯನ ಕೈ ಬೇಕಿಲ್ಲ, ಯಂತ್ರವೇ ಮಾಡಿಕೊಳ್ಳುತ್ತದೆ. ಮಾಡಿಕೊಂಡರೆ ಅದರ ಮೇಲೆ ಹಸಿರು ದೀಪ, ಹಿಂದೆ ಬಿದ್ದರೆ ಕೆಂಪು ದೀಪ. ದಿನಾ ಹತ್ತು ಗಂಟೆಗೆ ಬಂದು ದೀಪ ನೋಡಿ ರಿಜಿಸ್ಟರಿನಲ್ಲಿ "ಹಸಿರು" ಎಂದು ಬರೆಯುವುದು ಆಗಲಪ್ಪನವರ ಕೆಲಸ. ಇಷ್ಟನ್ನು ಅವರು ಮೂರು ವರ್ಷ ಒಂದು ದಿನವೂ ತಪ್ಪದೆ ಮಾಡಿದ್ದರು.

ಕೆಟ್ಟದ್ದು ಒಂದು ಭಾನುವಾರದ ಊಟದಲ್ಲಿ.

ಮಾವನವರ ಮನೆಯಲ್ಲಿ ಇಬ್ಬರು ಅಳಿಯಂದಿರೂ ಎದುರುಬದುರು ಕೂತಿದ್ದರು. ಮಾವನವರು ನಿವೃತ್ತ ಮೋಜಣಿದಾರರು. ಜೇಬಿನಲ್ಲಿ ಅಳತೆಯ ಟೇಪು ಇಲ್ಲದಿದ್ದರೆ ಅವರಿಗೆ ಅಂಗಿ ತೊಟ್ಟಂತೆಯೇ ಅನ್ನಿಸುವುದಿಲ್ಲ. ಇನ್ನೊಬ್ಬ ಅಳಿಯ, ಅಂದರೆ ಆಗಲಪ್ಪನವರ ಷಡ್ಡಕ, ಗಾಜಿನ ಅಂಗಡಿ ಇಟ್ಟಿದ್ದ. ಬೀದಿಯ ಮೂಲೆಯಲ್ಲಿ ಎರಡನೆಯ ಅಂಗಡಿ ತೆರೆಯುತ್ತಿರುವುದಾಗಿ ಅವನು ಊಟ ಶುರುವಾದಾಗಿನಿಂದ ನಾಲ್ಕನೆಯ ಸಲ ಹೇಳಿ, ನೀರು ಕುಡಿದು, "ಭಾವ ಇನ್ನೂ ಅದೇ ಚೀಟಿ ಅಂಟಿಸೋ ಕೆಲಸಾನೇನಾ?" ಎಂದ.

ಆಗಲಪ್ಪನವರ ಹೆಂಡತಿ ಬಡಿಸುತ್ತಿದ್ದ ಕೈಯನ್ನು ಹಾಗೇ ನಿಲ್ಲಿಸಿದಳು. ಆಗಲಪ್ಪನವರ ಎದೆಯಲ್ಲಿ ಎಂದೂ ಏಳದ ಏನೋ ಒಂದು ಎದ್ದು ನಿಂತಿತು.

"ನಾನೀಗ ಮಿರರ್ ಇನ್‌ಚಾರ್ಜು," ಎಂದರು. ಸಾಲದೆನಿಸಿ, "ಹದಿನಾಲ್ಕು ಊರಲ್ಲಿ ಇದೆ. ಈ ಕಡೆಗೆಲ್ಲಾ ನಾನೇ," ಎಂದು ಸೇರಿಸಿದರು.

ಷಡ್ಡಕನ ತುತ್ತು ಬಾಯಿಯ ಹತ್ತಿರ ನಿಂತಿತು. "ಮಿರರ್ರಾ? ಕನ್ನಡೀನಾ?"

"ಕನ್ನಡೀನೇ."

"ಎಷ್ಟಿರುತ್ತೆ ಅಳಿಯಂದಿರೇ ಒಂದೊಂದು?" ಮಾವನವರ ಕೈ ಜೇಬಿಗೆ ಹೋಗಿತ್ತು.

"ದೊಡ್ಡದು ಮಾವ. ಮೂರು ಲಕ್ಷ ಎಂಬತ್ತೆರಡು ಸಾವಿರ ಫೈಲು ಹಿಡಿಯುತ್ತೆ."

ಷಡ್ಡಕನ ಕಿವಿಗೆ ಬಿದ್ದದ್ದು "ಮೂರು ಲಕ್ಷ" ಮಾತ್ರ. ಹದಿನಾಲ್ಕು ಊರಿಗೆ ಮೂರು ಲಕ್ಷ ಕನ್ನಡಿ ಹಾಕಿಸುವ ಮನುಷ್ಯ ತನ್ನ ಎದುರಿಗೆ ಕೂತು ಉಪ್ಪು ಕೇಳುತ್ತಿದ್ದಾನೆ! ಅವನು ತಾನೇ ಎದ್ದು ಉಪ್ಪು ತಂದುಕೊಟ್ಟ. ಮದುವೆಯಾದಾಗಿನಿಂದ ಷಡ್ಡಕ ತಮಗಾಗಿ ಎದ್ದದ್ದು ಅದೇ ಮೊದಲಾದ್ದರಿಂದ, ಅವನ ತಪ್ಪು ತಿಳುವಳಿಕೆಯನ್ನು ತಿದ್ದಲು ಆಗಲಪ್ಪನವರಿಗೆ ಮನಸ್ಸು ಬರಲಿಲ್ಲ. ಊಟ ಮುಗಿದು ಕೈ ತೊಳೆಯುವಾಗ ಅವನು ಟವೆಲ್ಲು ಹಿಡಿದು ನಿಂತು ಮೆಲ್ಲಗೆ, "ಭಾವ, ಒಂದು ಸ್ಯಾಂಪಲ್ಲು ಆಫೀಸಿಗೆ ಕಳಿಸ್ಲಾ? ನೋಡಿ, ಹಿಡಿಸಿದ್ರೆ ಆಮೇಲೆ ಮಾತು," ಎಂದ.

"ಆಗ್ಲಪ್ಪ," ಎಂದಿತು ನಾಲಿಗೆ.

ಮರುದಿನ ಹನ್ನೊಂದು ಗಂಟೆಗೆ ಕಾಲೇಜಿನ ಗೇಟಿನಲ್ಲಿ ಆರಡಿ ಎತ್ತರದ ನಿಲುಗನ್ನಡಿ ಇಳಿಯಿತು. ಅದರ ಹಿಂದೆ ಷಡ್ಡಕ, ಷಡ್ಡಕನ ಹಿಂದೆ ಡ್ರಿಲ್ಲು ಹಿಡಿದ ಮೇಸ್ತ್ರಿ, ಮೇಸ್ತ್ರಿಯ ಹಿಂದೆ ಟೇಪು ಹಿಡಿದ ಮಾವನವರು.

ಆಗಲಪ್ಪನವರು ಕೈ ಕೈ ಹಿಸುಕುತ್ತ "ಅದು ಹಾಗಲ್ಲ, ನಮ್ಮದು ಗಾಜಿನ ಕನ್ನಡಿಯಲ್ಲ" ಎಂದು ಬಾಯಿ ತೆರೆಯುವಷ್ಟರಲ್ಲಿ ಉಗ್ರಾಣದ ಗುಮಾಸ್ತರು ಓಡೋಡಿ ಬಂದರು. ಅವರ ಕಣ್ಣಲ್ಲಿ ನೀರಿತ್ತು. ಅವರ ದುಃಖ ಮೂರು ವರ್ಷದ್ದು. ಉಗ್ರಾಣದ ಪಟ್ಟಿಯಲ್ಲಿ "ಮಿರರ್: ಒಂದು" ಎಂದು ಬರೆದಿತ್ತು. ಪ್ರತಿವರ್ಷ ತಪಾಸಣೆಗೆ ಬಂದವರು "ಎಲ್ಲಿ ಕನ್ನಡಿ?" ಎಂದು ಕೇಳುತ್ತಿದ್ದರು. ಗುಮಾಸ್ತರು ಬಚ್ಚಲು, ಅಟ್ಟ, ಪ್ರಯೋಗಶಾಲೆ ಎಲ್ಲ ಹುಡುಕಿ, "ಒಡೆದಿರಬಹುದು" ಎಂದು ಒಂದು ವರ್ಷ, "ಹುಡುಕಲಾಗುತ್ತಿದೆ" ಎಂದು ಎರಡು ವರ್ಷ ಬರೆದುಕೊಟ್ಟಿದ್ದರು.

"ಸಿಕ್ತಲ್ಲ ಸಾರ್, ಕೊನೆಗೂ ಸಿಕ್ತಲ್ಲ!" ಎಂದು ಅವರು ಕನ್ನಡಿಯನ್ನೇ ಅಪ್ಪಿಕೊಂಡರು. ಮಾವನವರು ಅಳೆದು "ಆರಡಿ, ಎರಡೂ ಮುಕ್ಕಾಲು" ಎಂದರು. ಗುಮಾಸ್ತರು ಬರೆದುಕೊಂಡರು. ಸದ್ದು ಕೇಳಿ ಬಂದ ಪ್ರಿನ್ಸಿಪಾಲರು ಕನ್ನಡಿಯಲ್ಲಿ ತಮ್ಮನ್ನು ಅಡಿಯಿಂದ ಮುಡಿಯವರೆಗೆ ನೋಡಿ, ಕೋಟಿನ ಗುಂಡಿ ಹಾಕಿ, "ಮಿರರ್ ಅಂದ್ರೆ ಮಿರರ್ ಕೋಣೇಲೇ ಇರ್ಬೇಕಲ್ವೇನ್ರೀ? ಹಾಕ್ಸಿ," ಎಂದರು.

"ಆಗ್ಲಿ ಸಾರ್."

ಹೀಗೆ ಯಂತ್ರದ ಕೋಣೆಯ ಹಿಂದಿನ ಗೋಡೆಗೆ ಕನ್ನಡಿ ಏರಿತು. ಜಾಗ ಸಾಲದೆ ಆಗಲಪ್ಪನವರ ಸ್ಟೂಲನ್ನು ತಿರುಗಿಸಿ ಹಾಕಬೇಕಾಯಿತು. ಅಂದಿನಿಂದ ಯಂತ್ರಕ್ಕೆ ಅವರ ಬೆನ್ನು, ಕನ್ನಡಿಗೆ ಮುಖ. ಮೇಸ್ತ್ರಿ ಡ್ರಿಲ್ಲು ಹಿಡಿದು ನುಸುಳುವಾಗ ಅವನ ಮೊಣಕೈ ತಗುಲಿ ಯಂತ್ರದ ಹಿಂದಿನ ಒಂದು ನೀಲಿ ತಂತಿ ಕಳಚಿ ಬಿದ್ದದ್ದನ್ನು ಯಾರೂ ನೋಡಲಿಲ್ಲ. ಯಂತ್ರಕ್ಕೆ ಎರಡು ತಂತಿ: ಮೂಲದಿಂದ ತರುವುದು ನೀಲಿ, ಜನರಿಗೆ ಕೊಡುವುದು ಹಳದಿ. ಹಳದಿ ಗಟ್ಟಿಯಾಗಿಯೇ ಇತ್ತು. ಜನ ಎಂದಿನಂತೆ ತೆಗೆದುಕೊಳ್ಳುತ್ತಲೇ ಇದ್ದರು, ಆದ್ದರಿಂದ ಯಾರೂ ದೂರಲಿಲ್ಲ.

ಯಂತ್ರದ ದೀಪ ಮಾತ್ರ ಮರುದಿನ ಬೆಳಿಗ್ಗೆ ಕೆಂಪಾಯಿತು. ಆದರೆ ಸ್ಟೂಲಿನ ಮೇಲೆ ಕೂತು ಕನ್ನಡಿಯಲ್ಲಿ ನೋಡಿದರೆ ಕಾಣುತ್ತಿದ್ದದ್ದು ಯಂತ್ರದ ದೀಪವಲ್ಲ, ಅದರ ಪಕ್ಕದ ಬ್ಯಾಟರಿ ಪೆಟ್ಟಿಗೆಯ ದೀಪ. ಕರೆಂಟು ಇರುವವರೆಗೂ ಹಸಿರಾಗಿಯೇ ಇರುವುದು ಅದರ ಹುಟ್ಟುಗುಣ. ಕತ್ತು ತಿರುಗಿಸದೆ ಕೂತಲ್ಲೇ ದೀಪ ಕಾಣುತ್ತದಲ್ಲ ಎಂದು ಆಗಲಪ್ಪನವರಿಗೆ ಪರಮ ಸಂತೋಷ. "ಹಸಿರು" ಎಂದು ಬರೆದರು. ಮಾರನೆಯ ದಿನವೂ "ಹಸಿರು". ಒಂಬತ್ತು ದಿನ ಹಸಿರೋ ಹಸಿರು.

ಆ ಒಂಬತ್ತು ದಿನ ಆಗಲಪ್ಪನವರು ಅನುಭವಿಸಿದ ಗೌರವವನ್ನು ವರ್ಣಿಸಲು ಸಾಧ್ಯವಿಲ್ಲ. ಕಾಲೇಜಿನಲ್ಲಿ ಬೇರೆಲ್ಲೂ ನಿಲುಗನ್ನಡಿ ಇರಲಿಲ್ಲ. ಗಣಿತದ ಮೇಷ್ಟ್ರು ಪಾಠಕ್ಕೆ ಮೊದಲು ತಲೆ ಬಾಚಲು ಬಂದರು. ಇತಿಹಾಸದ ಮೇಡಂ ಸೆರಗು ಸರಿಮಾಡಲು ಬಂದವರು ಕಾಲು ಗಂಟೆ ನಿಂತರು. ಪ್ರಿನ್ಸಿಪಾಲರು ಮಧ್ಯಾಹ್ನ ಮಧ್ಯಾಹ್ನ ಬಂದು, ಬಾಗಿಲು ಹಾಕಿಕೊಂಡು, ಭಾಷಣ ಅಭ್ಯಾಸ ಮಾಡಿದರು. ಚಪ್ಪಾಳೆ ಬೀಳಬೇಕಾದ ಕಡೆ ಆಗಲಪ್ಪನವರ ಕಡೆ ನೋಡುತ್ತಿದ್ದರು, ಇವರು ತಟ್ಟುತ್ತಿದ್ದರು. ಮನೆಯ ಕಡೆ ಮಾವನವರು ಬೀದಿಬೀದಿಗೆ ಹೇಳಿಕೊಂಡು ಬಂದಿದ್ದರು. ಪಕ್ಕದ ಮನೆಯ ದರ್ಜಿಯಮ್ಮ ಕಾಂಪೌಂಡಿನ ಮೇಲಿಂದ ಬಗ್ಗಿ, "ಅಣ್ಣಾ, ಅಳತೆ ನೋಡೋಕೆ ನಂಗೂ ಒಂದು ಕನ್ನಡಿ ಕೊಡಿಸಿ, ಅಂಚು ಮುರಿದಿದ್ರೂ ಸರಿ," ಎಂದರು.

"ಆಗ್ಲಮ್ಮ."

ಒಳಗೆ ಹೆಂಡತಿ ತಡೆಯಲಾರದೆ ಕೇಳಿದಳು: "ರೀ, ನಿಜ ಹೇಳಿ. ನಿಮ್ಮ ಆಫೀಸಲ್ಲಿ ನಿಮಗೆ ಕನ್ನಡಿ ಒರೆಸೋ ಕೆಲಸ ಕೊಟ್ಟಿದಾರಾ?"

ಆಗಲಪ್ಪನವರು ಮೂಲ, ಪಡಿಯಚ್ಚು, ಹದಿನಾಲ್ಕು ಊರು ಎಲ್ಲ ವಿವರಿಸಿದರು. ಅವಳು ಪೂರ್ತಿ ಕೇಳಿ, "ಹಾಗಾದ್ರೆ ಅಲ್ಲಿ ತಪ್ಪಾದ್ರೆ ಇಲ್ಲೂ ತಪ್ಪಾಗುತ್ತೆ, ಅಷ್ಟೇ ತಾನೆ?" ಎಂದಳು. "ಅಲ್ಲಿ ತಪ್ಪಾಗಲ್ಲ," ಎಂದು ಮಗ್ಗುಲಾದರು.

ಹತ್ತನೆಯ ದಿನ ಬೆಳಿಗ್ಗೆ ಪ್ರಿನ್ಸಿಪಾಲರ ಕೋಣೆಯಿಂದ ಗುಡುಗು ಕೇಳಿಸಿತು. ಭಂಡಾರದಿಂದ ಪತ್ರ ಬಂದಿತ್ತು. ಅಲ್ಲಿನ ಯಂತ್ರ ತಾನಾಗಿಯೇ ಕಳಿಸುವ ಪತ್ರ. ಅದರಲ್ಲಿ ಎರಡೇ ಸಾಲು: "ನಿಮ್ಮ ಕನ್ನಡಿ ಒಂಬತ್ತು ದಿನಗಳಿಂದ ಹಿಂದಿದೆ. ಇಂದು ಮಧ್ಯಾಹ್ನದೊಳಗೆ ಸರಿಪಡಿಸದಿದ್ದಲ್ಲಿ ನಿಮ್ಮ ಕಾಲೇಜಿನ ಹೆಸರನ್ನು ಪಟ್ಟಿಯಿಂದ ತೆಗೆಯಲಾಗುವುದು."

"ಇವರಿಗೆ ಹೇಗ್ರೀ ಗೊತ್ತಾಯ್ತು, ನಮ್ಮ ಕನ್ನಡಿ ಹಿಂದಿನ ಗೋಡೇಲಿದೆ ಅಂತ?" ಎಂದು ಪ್ರಿನ್ಸಿಪಾಲರು ಬೆವರೊರೆಸಿಕೊಂಡರು.

ಉಗ್ರಾಣದ ಗುಮಾಸ್ತರು ಬಹಳ ಯೋಚಿಸಿ, "ಸಾರ್, ಹಾಕಿ ಸರಿಯಾಗಿ ಒಂಬತ್ತು ದಿನವೇ ಆಯ್ತು. ಯಾರೋ ಬರೆದುಹಾಕಿದಾರೆ," ಎಂದರು.

"ಈಗ್ಲೇ ತೆಗೆಸಿ! ಮುಂದಿನ ಗೋಡೆಗೆ ಹಾಕ್ಸಿ!"

ಆಗಲಪ್ಪನವರಿಗೆ ಪತ್ರ ತೋರಿಸುವ ಅಗತ್ಯ ಯಾರಿಗೂ ಕಾಣಲಿಲ್ಲ. ಷಡ್ಡಕನಿಗೆ ಫೋನು ಹೋಯಿತು. ಅರ್ಧ ಗಂಟೆಯಲ್ಲಿ ಅವನೂ ಮೇಸ್ತ್ರಿಯೂ ಮಾವನವರೂ ಹಾಜರಾದರು. ಮೊಳೆ ಸಡಿಲಿಸಿ, "ಹಿಡ್ಕೋ, ಹಿಡ್ಕೋ" ಎನ್ನುತ್ತ ಕನ್ನಡಿಯನ್ನು ಗೋಡೆಯಿಂದ ಇಳಿಸಿದರು. ಎದುರಿನ ಹಸಿರು ಮಾಯವಾದದ್ದರಿಂದ, ದೀಪ ಎಲ್ಲಿ ಹೋಯಿತೆಂದು ನೋಡಲು ಆಗಲಪ್ಪನವರು ಒಂಬತ್ತು ದಿನದಲ್ಲಿ ಮೊದಲ ಬಾರಿಗೆ ಕತ್ತು ತಿರುಗಿಸಿದರು.

ಕೆಂಪು.

ಕಣ್ಣುಜ್ಜಿಕೊಂಡು ನೋಡಿದರು. ಅಚ್ಚ ಕೆಂಪು. ಕೆಳಗೆ ನೀಲಿ ತಂತಿ ಧೂಳಿನಲ್ಲಿ ಬಿದ್ದಿತ್ತು. ಕೆಲಸ ನೋಡಲು ಬಂದು ನಿಂತಿದ್ದ ಪ್ರಿನ್ಸಿಪಾಲರ ಕೈಯಲ್ಲಿದ್ದ ಪತ್ರವನ್ನು ಬಗ್ಗಿ ಓದಿದರು.

"ಸಾರ್, ಹಿಂದಿದೆ ಅಂದ್ರೆ ಹಿಂದಿನ ಗೋಡೇಲಿದೆ ಅಂತಲ್ಲ ಸಾರ್. ಹಿಂದೆ ಬಿದ್ದಿದೆ ಅಂತ. ಒಂಬತ್ತು ದಿನದಿಂದ ನಮ್ಮದು ಹಳೇದು. ತಪ್ಪು ನನ್ನದು," ಎಂದು ನಡೆದದ್ದನ್ನೆಲ್ಲ ಹೇಳಿದರು: ಪಡಿಯಚ್ಚು, ದೀಪ, ತಂತಿ, ಬ್ಯಾಟರಿ ಪೆಟ್ಟಿಗೆ, ಎಲ್ಲ.

ತಾನು ತಂದ ಕನ್ನಡಿಗೂ ಭಾವನ ಕನ್ನಡಿಗೂ ಸಂಬಂಧವೇ ಇಲ್ಲವೆಂದು ಷಡ್ಡಕನಿಗೆ ಆಗ ತಿಳಿಯಿತು. ಮೂರು ಲಕ್ಷ ಕನ್ನಡಿ ಅವನ ಕಣ್ಣೆದುರಿಗೇ ಒಡೆದು ಚೂರಾದವು. ಉಗ್ರಾಣದ ಗುಮಾಸ್ತರು ಪಟ್ಟಿಯನ್ನು ಎದೆಗವಚಿಕೊಂಡು, "ಹಾಗಾದ್ರೆ ಅದಿನ್ನೂ ಸಿಕ್ಕಿಲ್ವಾ?" ಎಂದು ಕ್ಷೀಣ ದನಿಯಲ್ಲಿ ಕೇಳಿದರು.

ಪ್ರಿನ್ಸಿಪಾಲರು ಕೆಂಪು ದೀಪಕ್ಕಿಂತ ಕೆಂಪಾದರು. "ವಿಚಾರಣೆ ಆಮೇಲೆ! ನಿಮ್ಮ ಮೇಲೆ ಕ್ರಮ ಆಮೇಲೆ! ಮೊದಲು ಸರಿ ಮಾಡ್ರೀ, ಹನ್ನೆರಡಕ್ಕೆ ಹತ್ತು ನಿಮಿಷ ಇದೆ!"

"ಆಗ್ಲಿ ಸಾರ್," ಎಂದು ಆಗಲಪ್ಪನವರು ನೀಲಿ ತಂತಿ ಚುಚ್ಚಿದರು.

ಯಂತ್ರ ಗುರ್ ಎಂದು ಮೂಲದೊಡನೆ ಮಾತಾಡಿತು. ವಾರಕ್ಕಿಂತ ಹೆಚ್ಚು ಹಿಂದೆ ಬಿದ್ದ ಕನ್ನಡಿ ಏನನ್ನಾದರೂ ಬದಲಾಯಿಸುವ ಮುಂಚೆ ಒಮ್ಮೆ ಕೇಳುವುದು ಅದರ ಕ್ರಮ. ಪರದೆಯ ಮೇಲೆ ಅಕ್ಷರಗಳು ಮೂಡಿದವು.

"ಹೊಸದಾಗಿ ಸೇರಬೇಕಾದವು: 0. ಅಳಿಸಬೇಕಾದವು: 3,82,016. ಮುಂದುವರಿಯಲೇ? ಐದು ನಿಮಿಷದಲ್ಲಿ ಉತ್ತರ ಬಾರದಿದ್ದರೆ ಹೌದು ಎಂದು ತಿಳಿಯಲಾಗುವುದು."

"ಹೌದು ಅನ್ರೀ!" ಎಂದರು ಪ್ರಿನ್ಸಿಪಾಲರು.

ಆಗಲಪ್ಪನವರ ಬೆರಳು ಹೋಗಿ, ಗುಂಡಿಯ ಮೇಲೆ ಬಂದು, ಅಲ್ಲೇ ನಿಂತಿತು. ಅವರು ಸಂಖ್ಯೆಯನ್ನು ಮತ್ತೆ ಓದಿದರು. ಚೀಟಿ ಅಂಟಿಸಿದ ಹದಿನೆಂಟು ವರ್ಷದಲ್ಲಿ ಅವರು ಎಷ್ಟೋ ಹಳೆಯ ಪುಸ್ತಕಗಳನ್ನು ತೆಗೆದುಹಾಕಿದ್ದರು. ಗೆದ್ದಲು ಹಿಡಿದದ್ದು, ಪುಟ ಹೋದದ್ದು, ವರ್ಷಕ್ಕೆ ಇಪ್ಪತ್ತೋ ಮೂವತ್ತೋ. ಒಂದೇ ದಿನ ಇಡೀ ಲೈಬ್ರರಿಯನ್ನು ತೆಗೆದುಹಾಕು ಎಂದು ಯಾವ ಲೈಬ್ರರಿಯನ್ ಹೇಳುತ್ತಾನೆ?

"ಸಾರ್, ಇರೋ ಅಷ್ಟನ್ನೂ ಅಳಿಸು ಅಂತಿದೆ."

"ಮೂಲ ಅಳಿಸು ಅಂದ್ರೆ ಅಳಿಸ್ಬೇಕು! ನೀವೇ ಈಗ ಹೇಳಿದ್ರಲ್ಲ, ಅಲ್ಲಿ ಹೋದದ್ದು ಇಲ್ಲೂ ಹೋಗ್ಬೇಕು ಅಂತ!"

"ಹೇಳಿದೆ ಸಾರ್. ಆದ್ರೆ ಅವರಿಗೆ ಒಂದು ಫೋನಾದ್ರೂ ಮಾಡಿ..."

"ಫೋನು ಗೀನು ಬೇಡ! ಮೂರೂವರೆ ನಿಮಿಷ ಇದೆ! ಒತ್ರೀ!"

ಮಾವನವರು, ಷಡ್ಡಕ, ಮೇಸ್ತ್ರಿ, ಗುಮಾಸ್ತರು ಎಲ್ಲರೂ ಆಗಲಪ್ಪನವರ ಬಾಯನ್ನೇ ನೋಡಿದರು. ಅಲ್ಲಿಂದ ಏನು ಬರುತ್ತದೆಂದು ಎಲ್ಲರಿಗೂ ಗೊತ್ತಿತ್ತು. ಆಗಲಪ್ಪನವರಿಗೂ ಗೊತ್ತಿತ್ತು. ಬಾಯಿ ತೆರೆಯಿತು. "ಆಗ್..." ಎಂದಿತು. ಅಲ್ಲಿ ಏನೋ ಸಿಕ್ಕಿಕೊಂಡಿತು.

"ಆಗಲ್ಲ ಸಾರ್."

ಹೇಳಿದ ಮನುಷ್ಯನೇ ಬೆಚ್ಚಿಬಿದ್ದು ಹಿಂದೆ ತಿರುಗಿ ನೋಡಿದ, ಯಾರು ಹೇಳಿದ್ದೆಂದು.

"ಏನಂದ್ರಿ?"

"ಆಗಲ್ಲ," ಎಂದರು ಆಗಲಪ್ಪನವರು. ಎರಡನೆಯ ಸಲ ಸುಲಭವಾಗಿ ಬಂತು. ಪ್ರಿನ್ಸಿಪಾಲರು ತಾವೇ ಒತ್ತಲು ಮುಂದೆ ನುಗ್ಗಿದರು. ಆಗಲಪ್ಪನವರು ಅಷ್ಟರಲ್ಲಿ ನೀಲಿ ತಂತಿಯನ್ನು ಯಂತ್ರದಿಂದ ಕಿತ್ತರು, ಗೋಡೆಯಿಂದಲೂ ಕಿತ್ತರು, ಸುತ್ತಿ ಸಿಂಬೆ ಮಾಡಿ ಅಂಗಿಯೊಳಕ್ಕೆ ಹಾಕಿಕೊಂಡು ಕತ್ತಿನವರೆಗೂ ಗುಂಡಿ ಬಿಗಿದರು. ಯಂತ್ರದ ಪರದೆ "ಮೂಲ ಸಿಗುತ್ತಿಲ್ಲ" ಎಂದು ಹೇಳಿ ಸುಮ್ಮನಾಯಿತು.

"ತಂತಿ ಕೊಡ್ರೀ!"

"ಕೊಡಲ್ಲ ಸಾರ್."

ಕಾಲೇಜಿನ ಪ್ರಿನ್ಸಿಪಾಲರೊಬ್ಬರು ಅಧೀನ ನೌಕರನ ಅಂಗಿಯೊಳಕ್ಕೆ ಕೈ ಹಾಕುವುದು ಶೋಭೆಯಲ್ಲ. ಅವರು ಹಾಕಲೋ ಬೇಡವೋ ಎಂದು ಕೈಯನ್ನು ಎರಡು ಸಲ ಮುಂದೆ ಚಾಚಿ ಎರಡು ಸಲ ಹಿಂದಕ್ಕೆ ತಂದರು. "ವಾಚ್‌ಮನ್‌ನ ಕರೀರಿ!" ಎಂದು ಕೂಗಿ ಬಾಗಿಲ ಕಡೆ ತಿರುಗಿದರೆ, ಬಾಗಿಲಲ್ಲಿ ಅವರ ಎದುರಿಗೆ ಕೋಪಗೊಂಡ ಒಬ್ಬ ಪ್ರಿನ್ಸಿಪಾಲರು ನಿಂತಿದ್ದರು. ಷಡ್ಡಕನೂ ಮೇಸ್ತ್ರಿಯೂ ನಿಲುಗನ್ನಡಿಯನ್ನು ಬಾಗಿಲಿಗೆ ಅಡ್ಡ ಹಿಡಿದಿದ್ದರು.

"ಜಾಗ ಬಿಡ್ರೀ!"

"ಕೈ ನಡುಗ್ತಿದೆ ಸಾರ್, ಅಲ್ಲಾಡಿಸಿದ್ರೆ ಒಡೆದೋಗುತ್ತೆ," ಎಂದ ಷಡ್ಡಕ ಕನ್ನಡಿಯ ಹಿಂದಿನಿಂದ. ಅವನ ಕೈ ಸ್ವಲ್ಪವೂ ನಡುಗುತ್ತಿರಲಿಲ್ಲ. ಮೂರು ಲಕ್ಷ ಕನ್ನಡಿ ಹೋದರೂ, ತನ್ನ ಕಣ್ಣೆದುರಿಗೆ ಯಾರಾದರೂ ಭಾವನ ಅಂಗಿಗೆ ಕೈ ಹಾಕುವುದನ್ನು ಅವನು ನೋಡಿ ಸುಮ್ಮನಿರುವವನಲ್ಲ.

ಮಾವನವರು ಟೇಪು ಎಳೆದು ಬಾಗಿಲಿನ ಅಗಲ ಅಳೆದು, "ಸಂದೀಲಿ ನುಸುಳೋಕೆ ಮೂರೂಕಾಲು ಅಂಗುಲ ಇದೆ. ತಮ್ಮ ಹೊಟ್ಟೆ ಹಿಡಿಯಲ್ಲ ಸ್ವಾಮೀ," ಎಂದು ತೀರ್ಪು ಕೊಟ್ಟರು.

ಆಗಲಪ್ಪನವರು ಒಂದು ಕೈಯಲ್ಲಿ ಎದೆ ಹಿಡಿದುಕೊಂಡು ಇನ್ನೊಂದು ಕೈಯಲ್ಲಿ ಭಂಡಾರದ ಕಚೇರಿಗೆ ಫೋನು ಮಾಡುತ್ತಲೇ ಇದ್ದರು. ಬಿಜಿ. ಮತ್ತೆ ಬಿಜಿ. ಹನ್ನೆರಡು ಹೊಡೆಯಿತು. ಹನ್ನೆರಡೂ ಐದಾಯಿತು. "ಮುಗೀತು," ಎಂದು ಪ್ರಿನ್ಸಿಪಾಲರು ಸ್ಟೂಲಿನ ಮೇಲೆ ಕೂತರು. "ನಮ್ಮ ಹೆಸರು ಹೋಯ್ತು. ನಿಮ್ಮ ಕೆಲಸಾನೂ ಹೋಯ್ತು ಅಂತ ತಿಳ್ಕೊಳ್ಳಿ." ಹೆಂಡತಿಗೆ ಏನೆಂದು ಹೇಳುವುದು ಎಂದು ಆಗಲಪ್ಪನವರು ಮೊದಲ ವಾಕ್ಯ ಹುಡುಕುತ್ತಿರುವಾಗ ಪ್ರಿನ್ಸಿಪಾಲರ ಮೊಬೈಲು ಹೊಡೆದುಕೊಂಡಿತು. ಅವರು ಸ್ಪೀಕರ್ ಹಾಕಿದರು.

"ಒಂಬತ್ತು ದಿನ ಹಿಂದಿರೋ ಕನ್ನಡಿಯವರಾ?" ಹೆಣ್ಣಿನ ದನಿ. ಏದುಸಿರು.

"ಹೌದು ಮೇಡಂ, ಕ್ಷಮಿಸ್ಬೇಕು, ಇಲ್ಲೊಬ್ಬ ನೌಕರ ಉದ್ಧಟತನ ಮಾಡಿ... ಈಗ್ಲೇ ಮುಂದೆ ತರ್ತೀವಿ ಮೇಡಂ, ಐದೇ ನಿಮಿಷ..."

"ಬೇಡ! ತರಬೇಡಿ! ಏನನ್ನೂ ಮುಟ್ಟಬೇಡಿ! ಯಾರೂ ಏನೂ ಒತ್ತಿಲ್ಲ ತಾನೆ? ಸ್ವಾಮೀ, ಮಾತಾಡಿ! ಒತ್ತಿಲ್ಲ ತಾನೆ?"

ಪ್ರಿನ್ಸಿಪಾಲರು ಫೋನನ್ನು ಬಿಸಿ ಪಾತ್ರೆಯಂತೆ ಆಗಲಪ್ಪನವರ ಕೈಗೆ ದಾಟಿಸಿದರು.

"ಒತ್ತಿಲ್ಲ ಮೇಡಂ. ತಂತಿ ಕಿತ್ತು ಅಂಗಿಯೊಳಗೆ ಇಟ್ಕೊಂಡಿದೀನಿ."

"ನಿಮ್ಮ ಹತ್ತಿರ... ನಿಮ್ಮ ಹತ್ತಿರ ಎಷ್ಟು ಫೈಲಿದೆ?"

"ಮೂರು ಲಕ್ಷ ಎಂಬತ್ತೆರಡು ಸಾವಿರದ ಹದಿನಾರು."

"ಇನ್ನೊಂದ್ಸಲ ಹೇಳಿ," ಎಂದಿತು ದನಿ. ಹೇಳಿದರು. "ಇನ್ನೊಂದ್ಸಲ." ಹೇಳಿದರು. ಆ ಕಡೆ ಅಳು. ಅಳುವಿನ ಹಿಂದೆ ಹತ್ತಾರು ಜನರ ಕೇಕೆ, ಕುರ್ಚಿ ಉರುಳಿದ ಸದ್ದು.

ಆಕೆ ಭಂಡಾರದ ಮುಖ್ಯಸ್ಥೆ. ನಡೆದದ್ದನ್ನು ಆಕೆಯೇ ಹೇಳಿದರು. ಅಂದು ಮುಂಜಾನೆ ಅಲ್ಲಿ ಒಬ್ಬರು ಹಳೆಯದನ್ನು ಗುಡಿಸಲು ಹೋಗಿ ಇಡೀ ಭಂಡಾರವನ್ನೇ ಗುಡಿಸಿಬಿಟ್ಟಿದ್ದರು. ಆಪತ್ತಿಗೆಂದು ಎತ್ತಿಟ್ಟಿದ್ದ ಪ್ರತಿ ತೆರೆದು ನೋಡಿದರೆ ಅದು ಕೆಟ್ಟು ಎರಡು ವರ್ಷವಾಗಿತ್ತು. ಹದಿನಾಲ್ಕು ಕನ್ನಡಿಗಳಿವೆಯಲ್ಲ ಎಂಬ ಧೈರ್ಯದಲ್ಲಿ ಯಾರೂ ಅದನ್ನು ತೆರೆದಿರಲಿಲ್ಲ. ಕನ್ನಡಿಗಳ ಕಡೆ ಓಡಿದರೆ, ಅವು ಬಹಳ ವಿಧೇಯ ಕನ್ನಡಿಗಳು. ಆರು ಗಂಟೆಗೆ ಸರಿಯಾಗಿ ಮೂಲವನ್ನು ಕೇಳಿ, ಅಲ್ಲಿ ಏನೂ ಇಲ್ಲವೆಂದು ತಿಳಿದು, ತಾವೂ ಖಾಲಿಯಾಗಿ, ಹಸಿರು ದೀಪ ಹೊತ್ತಿಸಿಕೊಂಡು ಕೂತಿದ್ದವು. ಹದಿಮೂರು ಊರಿನಲ್ಲಿ ಹದಿಮೂರು ಹಸಿರು ದೀಪ.

"ಇಪ್ಪತ್ತೆರಡು ವರ್ಷದ ಕೆಲಸ ಸ್ವಾಮೀ," ಎಂದರು ಆಕೆ. "ಈಗ ಜಗತ್ತಿನಲ್ಲಿ ಅದು ಇರೋದು ನಿಮ್ಮ ಕೋಣೇಲಿ ಮಾತ್ರ."

ಆಗಲಪ್ಪನವರು ಯಂತ್ರದ ಕಡೆ ನೋಡಿದರು. ಕೆಂಪು ದೀಪ ನೆಟ್ಟಗೆ ಉರಿಯುತ್ತಿತ್ತು. ಅಷ್ಟು ಚೆಲುವಾದ ಕೆಂಪನ್ನು ಅವರು ಜನ್ಮದಲ್ಲಿ ನೋಡಿರಲಿಲ್ಲ.

ಆಮೇಲಿನ ಎರಡು ದಿನ ಕಾಲೇಜಿನಲ್ಲಿ ಪಾಠ ನಡೆಯಲಿಲ್ಲ. ಮುಖ್ಯಸ್ಥೆ ಫೋನಿನಲ್ಲಿ ಒಂದೊಂದೇ ಹೆಜ್ಜೆ ಹೇಳಿದಂತೆ ಆಗಲಪ್ಪನವರು ಅಂಗಿಯೊಳಗಿನ ತಂತಿ ತೆಗೆದು, ದಿಕ್ಕು ಬದಲಿಸಿ ಚುಚ್ಚಿದರು. ಈಗ ಇವರದೇ ಮೂಲ, ಆ ಮೂಲ ಇವರ ಪಡಿಯಚ್ಚು. ಮೊದಲು ಭಂಡಾರ ತುಂಬಬೇಕು, ಆಮೇಲೆ ಒಂದೊಂದಾಗಿ ಹದಿಮೂರು ಕನ್ನಡಿ. ಪರದೆಯ ಮೇಲೆ ಸಂಖ್ಯೆ ಏರತೊಡಗಿತು. ಗಣಿತದ ಮೇಷ್ಟ್ರು ಕಪ್ಪುಹಲಗೆ ತರಿಸಿ ಪ್ರತಿ ಊರಿಗೆ ಒಂದು ಸಾಲು ಎಳೆದು ಅಂಕಿ ಬರೆದರು. ಕಿಟಕಿಯ ಹೊರಗೆ ವಿದ್ಯಾರ್ಥಿಗಳು ತುಂಬಿದರು. ಒಂದು ಲಕ್ಷ ದಾಟಿದಾಗ ಚಪ್ಪಾಳೆ. ಎರಡಕ್ಕೆ ಸಿಳ್ಳೆ. ಮೂರನೆಯ ಊರು ಸ್ವಲ್ಪ ನಿಧಾನವಾದಾಗ "ಏಳೋ, ಏಳೋ!" ಎಂದು ಯಾರೋ ಅದನ್ನು ಬೈದರು. ದರ್ಜಿಯಮ್ಮ ಹೊಲಿಗೆ ಬಿಟ್ಟು ಬಂದು ಮುಂದಿನ ಸಾಲಿನಲ್ಲಿ ಕೂತಿದ್ದರು. ಅವರಿಗೆ ಏನು ನಡೆಯುತ್ತಿದೆಯೆಂದು ತಿಳಿದಿರಲಿಲ್ಲ, ಆದರೆ ಗೆಲ್ಲುತ್ತಿರುವುದು ತಮ್ಮ ಪಕ್ಕದ ಮನೆಯವರು ಎಂದು ತಿಳಿದಿತ್ತು.

ಎರಡನೆಯ ದಿನ ಸಂಜೆ ನಾಲ್ಕೂ ಹತ್ತಕ್ಕೆ ಹದಿಮೂರನೆಯ ಸಾಲು 3,82,016 ಮುಟ್ಟಿತು. ಕಿಟಕಿಯ ಸರಳುಗಳು ನಡುಗುವಂತೆ ಕೂಗೆದ್ದಿತು. ಷಡ್ಡಕ ಆಗಲಪ್ಪನವರನ್ನು ಸೊಂಟ ಹಿಡಿದು ಎತ್ತಿದ. ಮಾವನವರು ಕಣ್ಣೊರೆಸಿಕೊಂಡು, ಎತ್ತಿದ್ದು ನಾಲ್ಕಡಿ ಎಂದು ಅಲ್ಲೇ ಅಳೆದರು. ಪ್ರಿನ್ಸಿಪಾಲರು ಮೇಜಿನ ಮೇಲೆ ನಿಂತು, "ನಮ್ಮ ಕಾಲೇಜು ಮುನ್ನೆಚ್ಚರಿಕೆಯಿಂದ ಕನ್ನಡಿಯನ್ನು ಹಿಂದೆ ಇಟ್ಟಿತ್ತು" ಎಂದು ಭಾಷಣ ಶುರುಮಾಡಿದರು. ಚಪ್ಪಾಳೆ ಬಿತ್ತು. ಅವರು ಕೈಮಾಡಿ ಅದನ್ನು ಆಗಲಪ್ಪನವರ ಕಡೆ ತಿರುಗಿಸಿದರು. ಅಷ್ಟು ನ್ಯಾಯ ಅವರಲ್ಲಿತ್ತು. ಕ್ರಮ, ವಿಚಾರಣೆ ಎಂಬ ಪದಗಳನ್ನು ಆಮೇಲೆ ಯಾರೂ ಕೇಳಲಿಲ್ಲ. ತಪ್ಪಿಹೋಗಿದ್ದ ಒಂಬತ್ತು ದಿನದ ಹೊಸ ಕೆಲಸವನ್ನು ಬರೆದವರೇ ತಮ್ಮ ತಮ್ಮ ಮನೆಯಿಂದ ಮತ್ತೆ ಕಳಿಸಿಕೊಟ್ಟರು.

ತಿಂಗಳು ತುಂಬುವುದರೊಳಗೆ ಭಂಡಾರದವರು ಹದಿನಾಲ್ಕು ಊರಿನವರನ್ನೂ ಕೂಡಿಸಿ ಒಂದು ನಿರ್ಣಯ ಮಾಡಿದರು. ಹದಿಮೂರು ಕನ್ನಡಿಗಳು ಮೂಲದ ಸರಿಸಮ ನಡೆಯತಕ್ಕದ್ದು. ಒಂದು ಕನ್ನಡಿ ಮಾತ್ರ ಬೇಕೆಂದೇ ಹಿಂದೆ ಉಳಿಯತಕ್ಕದ್ದು. ಏನಾದರೂ ಬದಲಾಗುವ ಮುಂಚೆ ಅದರ ಉಸ್ತುವಾರಿಯವರು ಪಟ್ಟಿಯನ್ನು ಕಣ್ಣಾರೆ ಓದಿ ಒಪ್ಪತಕ್ಕದ್ದು. ಅವರು ಒಪ್ಪದಿದ್ದರೆ ಮೂಲದ ಮಾತೂ ನಡೆಯತಕ್ಕದ್ದಲ್ಲ. ಆ ಹುದ್ದೆಗೆ ಯಾರು ಎಂಬ ಬಗ್ಗೆ ಚರ್ಚೆ ಆಗಲಿಲ್ಲ.

ಆದೇಶ ಮನೆಗೆ ಬಂದದ್ದು ಬೆಳಗಿನ ಹೊತ್ತು. ಹೆಂಡತಿ ಒದ್ದೆ ಕೈ ಒರೆಸಿಕೊಂಡು, ಬಾಗಿಲಲ್ಲೇ ನಿಂತು ಗಟ್ಟಿಯಾಗಿ ಓದಿದಳು. "ತಾವು ಸದಾಕಾಲ ಒಂಬತ್ತು ದಿನ ಹಿಂದಿರಲು ಈ ಮೂಲಕ ತಮ್ಮನ್ನು ನೇಮಿಸಲಾಗಿದೆ." ಎರಡನೆಯ ಸಲ, ಪಕ್ಕದ ಮನೆಗೂ ಕೇಳುವಂತೆ ಓದಿದಳು. ಆಮೇಲೆ ಗಂಡನ ಮುಖವನ್ನೇ ನೋಡುತ್ತ ನಿಂತಳು.

"ಇಪ್ಪತ್ತೊಂದು ವರ್ಷದಿಂದ ಮುಂದೆ ಬನ್ನಿ, ಮುಂದೆ ಬನ್ನಿ ಅಂತ ನಿಮ್ಮ ಪ್ರಾಣ ತಿಂದೆ ಕಣ್ರೀ," ಎಂದಳು. "ನೀವೇನಾದ್ರೂ ನನ್ನ ಮಾತು ಕೇಳಿದ್ದಿದ್ರೆ ಪಾಪ, ಲೋಕದ ಗತಿ ಏನಾಗ್ತಿತ್ತು!"

ಅಂದು ಆಗಲಪ್ಪನವರು ಬೀದಿಯ ನಟ್ಟನಡುವೆ ನಡೆದು ಆಫೀಸಿಗೆ ಹೋದರು. ಎದುರಿಗೆ ಬಂದ ಸೈಕಲ್ಲಿನವನು ಗಂಟೆ ಬಾರಿಸಲು ಕೈ ಎತ್ತಿ, ಇವರ ಮುಖ ನೋಡಿ, ತಾನೇ ಪಕ್ಕಕ್ಕೆ ಸರಿದು ದಾರಿ ಬಿಟ್ಟ.